ಜಗಲಿಯ ನಲವತ್ತು ಬಾಟಲಿಗಳು

ನನ್ನ ಕೆಲಸವೇ ಬಾಟಲಿಗಳಿಗೆ ಚೀಟಿ ಅಂಟಿಸುವುದು. ಕಡಬ ಪೇಟೆಯ ಒಂದು ಸಣ್ಣ ರಕ್ತಪರೀಕ್ಷೆಯ ಲ್ಯಾಬಿನಲ್ಲಿ ಏಳು ವರ್ಷಗಳಿಂದ ಇದ್ದೇನೆ. ರಕ್ತ ತೆಗೆದ ಕೂಡಲೇ ಹೆಸರು ಬರೆದು ಅಂಟಿಸಬೇಕು, ಆಮೇಲೆ ಬರೆದರಾಯಿತು ಎನ್ನುವುದು ಅಲ್ಲಿ ನಡೆಯುವುದಿಲ್ಲ. ಇಂಥ ನಾನು ಮನೆಯ ಜಗಲಿಯಲ್ಲಿ ಚೀಟಿಯಿಲ್ಲದ ನಲವತ್ತು ಬಾಟಲಿಗಳನ್ನು ಸಾಲಾಗಿ ಇಟ್ಟಿದ್ದೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಬಾವ ಊರಿಡೀ ಹೇಳಿಕೊಂಡು ಬಂದದ್ದು ಇದನ್ನೇ, ಮತ್ತು ಅಷ್ಟರ ಮಟ್ಟಿಗೆ ಅವರ ಮಾತು ನಿಜ.

ಬಾವ ಎಂದರೆ ನನ್ನ ಗಂಡನ ಅಣ್ಣ. ನಮ್ಮದು ಮನೆ ಒಂದು, ಅಡುಗೆಮನೆ ಎರಡು. ಮುಂದಿನ ಜಗಲಿ ಎರಡೂ ಸಂಸಾರಕ್ಕೆ ಸೇರಿದ್ದು. ಅಂಗಳ ದಾಟಿದರೆ ಬಾವನ ರಬ್ಬರ್ ಮರಗಳು. ಬೆಳಗ್ಗೆ ಮರದ ತೊಗಟೆ ಗೀರಿ, ತೆಂಗಿನ ಚಿಪ್ಪಿನಲ್ಲಿ ತುಂಬಿದ ರಬ್ಬರ್ ಹಾಲನ್ನು ತಂದು, ಆಸಿಡ್ ಬೆರೆಸಿ ಹೆಪ್ಪುಗಟ್ಟಿಸಿ, ಹಾಳೆ ಮಾಡಿ ಹೊಗೆಗೆ ಹಾಕುವುದು ಅವರ ದಿನಚರಿ. ಮೀನು ನಮ್ಮದು.

ಮಗಳಿಗೆ ಒಂಬತ್ತು ತುಂಬಿದ ದಿನ ಪುತ್ತೂರಿನ ಅಂಗಡಿಯಿಂದ ಒಂದು ಬೆಟ್ಟಾ ಮೀನು ತಂದಿದ್ದೆವು. ಅಲ್ಲಿ ಫೈಟರ್ ಎಂದು ಕೇಳಿದರೆ ಕೊಡುತ್ತಾರೆ. ನೀಲಿ ಮೈ, ಕೆಂಪು ಬಾಲ. ಕನ್ನಡಿ ಹಿಡಿದರೆ ಕಿವಿರು ಅಗಲಿಸಿ ತನ್ನ ಮೇಲೆಯೇ ಯುದ್ಧಕ್ಕೆ ಹೋಗುತ್ತಿತ್ತು. ಎರಡು ತಿಂಗಳಾದಾಗ ಒಂದು ಬೆಳಗ್ಗೆ ಗಾಜಿನ ಭರಣಿಯ ಮೂಲೆಯಲ್ಲಿ ನೀರಿನ ಮೇಲೆ ಸಾಬೂನಿನ ನೊರೆಯಂಥ ಗುಳ್ಳೆಗಳು ಕಂಡವು.

"ಅಮ್ಮಾ, ಇದು ಮನೆ ಕಟ್ತಾ ಉಂಟು!" ಎಂದು ಮಗಳು ಕೂಗಿದಳು.

ನಾನು ಪ್ರಾಣಿಶಾಸ್ತ್ರ ಓದಿದವಳು. ಗಂಡು ಬೆಟ್ಟಾ ಬಾಯಿಂದ ಗುಳ್ಳೆ ಬಿಟ್ಟು ಗೂಡು ಕಟ್ಟುತ್ತದೆ, ಹೆಣ್ಣು ಇಟ್ಟ ಮೊಟ್ಟೆಗಳನ್ನು ಒಂದೊಂದಾಗಿ ಹೆಕ್ಕಿ ಅದರಲ್ಲಿ ಇಟ್ಟು ಕಾಯುತ್ತದೆ ಎಂದು ಅವಳಿಗೆ ವಿವರಿಸಿದೆ. ವಿವರಿಸಬಾರದಿತ್ತು. ಅಂದಿನಿಂದ ಹೆಣ್ಣು ತರುವ ಹಟ ಶುರುವಾಯಿತು. ಮುಂದಿನ ಶನಿವಾರ ಅವಳನ್ನೂ ಕರೆದುಕೊಂಡು ಪುತ್ತೂರಿಗೆ ಹೋದೆ. ಅಂಗಡಿಯವರು ಹೆಣ್ಣು ಮೀನು ಕೊಡಲೇ ಇಲ್ಲ.

"ಮರಿ ಎಷ್ಟಾಗ್ತದೆ ಗೊತ್ತುಂಟಾ ನಿಮಗೆ? ನೂರು ಆಗ್ಬಹುದು, ಇನ್ನೂರು ಆಗ್ಬಹುದು. ಗಂಡು ಮರಿ ಬೆಳಿತಾ ಬಂದ ಹಾಗೆ ಒಂದಕ್ಕೊಂದು ಆಗುದಿಲ್ಲ, ಸೀಳಿ ಹಾಕ್ತದೆ. ಒಂದೊಂದನ್ನೂ ಬೇರೆ ಬೇರೆ ಬಾಟ್ಲಿಯಲ್ಲಿ ಹಾಕ್ಬೇಕು. ಮೊದಲು ಬಾಟ್ಲಿ ಒಟ್ಟು ಮಾಡಿ ಮಾರಾಯ್ರೆ, ಮತ್ತೆ ಹೆಣ್ಣು ಕೊಂಡೋಗಿ."

ನ್ಯಾಯವಾದ ಮಾತು ಅನ್ನಿಸಿತು. ಅಷ್ಟು ಜೀವಗಳನ್ನು ಹುಟ್ಟಿಸಿ ಇಡಲು ಜಾಗವಿಲ್ಲದೆ ಹೋದರೆ ಪಾಪ. ಸಾಕುವುದೋ ಬೇಡವೋ ಎಂಬುದನ್ನು ಬಾಟಲಿಗಳೇ ತೀರ್ಮಾನಿಸಲಿ, ನಲವತ್ತು ಸಿಕ್ಕಿದರೆ ಹೆಣ್ಣು ತರುವುದು, ಇಲ್ಲದಿದ್ದರೆ ಇಲ್ಲ ಎಂದು ಮಗಳಿಗೆ ಹೇಳಿದೆ. ಸಿಗಲಾರದು ಎಂದು ನನ್ನ ಅಂದಾಜು. ಅವಳು ಎರಡು ಮದುವೆಯ ಊಟದಲ್ಲಿ ಪಂಕ್ತಿಯ ಕೊನೆಯವರೆಗೆ ಕಾದು, ಎಲೆಯ ಪಕ್ಕ ಬಿಟ್ಟು ಹೋದ ನೀರಿನ ಬಾಟಲಿಗಳನ್ನೆಲ್ಲ ಚೀಲದಲ್ಲಿ ತುಂಬಿಸಿಕೊಂಡು ಬಂದಳು. ಲೆಕ್ಕ ಸರಿಯಾಗಿ ನಲವತ್ತು, ಎಲ್ಲಕ್ಕೂ ನೀಲಿ ಮುಚ್ಚಳ. ತೊಳೆದು ಜಗಲಿಯ ಕಟ್ಟೆಯ ಮೇಲೆ ಸಾಲಾಗಿ ಇಟ್ಟೆವು, ಸಾಲಿನ ಕೊನೆಗೆ ಮೀನಿನ ಭರಣಿ. ಕೆಲವುಗಳಲ್ಲಿ ಬಾವಿ ನೀರು ತುಂಬಿಸಿದ್ದೆವು, ಮೀನಿನ ನೀರು ಒಂದೆರಡು ದಿನ ನಿಂತಿದ್ದರೆ ಒಳ್ಳೆಯದು ಎಂದು. ಕುಡಿಯುವ ಬಾವಿಯದೇ ನೀರು. ಶಾಲೆಗೆ ಹೊರಡುವಾಗ ಮಗಳು ಸಾಲಿನ ಕೊನೆಯ ಬಾಟಲಿ ತೆಗೆದು, "ಮೊದಲು ನಿನಗೆ, ಮತ್ತೆ ನನಗೆ" ಎಂದು ಭರಣಿಗೆ ಎರಡು ಮುಚ್ಚಳ ಹೊಯ್ದು, ತಾನೂ ಒಂದು ಗುಟುಕು ಕುಡಿಯುತ್ತಿದ್ದಳು. ನಾನು ನೋಡಿ ನಗುತ್ತಿದ್ದೆ.

ಹೆಣ್ಣು ತರುವ ದಿನ ಗೊತ್ತುಮಾಡಿಯಾಗಿತ್ತು. ಅದಕ್ಕೆ ಮೂರು ದಿನ ಮೊದಲು ಅದು ನಡೆಯಿತು.

ಮಗಳಿಗೆ ಶೀತವಾಗಿ ಮೂಗು ಕಟ್ಟಿತ್ತು. ನಾನು ಅವಳ ಬುತ್ತಿ ಹಿಡಿದುಕೊಂಡು ಬಾಗಿಲಿಗೆ ಬಂದಿದ್ದೆ. ಅವಳು ಎರಡು ಮುಚ್ಚಳ ಹೊಯ್ದಳು. ಮೀನು ನೀರಿನಿಂದ ಮೇಲಕ್ಕೆ ಹಾರಿ ಭರಣಿಯ ಬಾಯಿಗೆ ಕಟ್ಟಿದ್ದ ಬಲೆಗೆ ಬಡಿಯಿತು. ಬಿತ್ತು. ಮತ್ತೆ ಹಾರಿತು. ಅವಳು ಅದನ್ನು ನೋಡುತ್ತ, ಆಟ ಎಂದುಕೊಂಡು ನಗುತ್ತ, ಬಾಟಲಿಯನ್ನು ಬಾಯಿಗೆ ಎತ್ತಿದಳು. ಮೀನು ಓರೆಯಾಗಿ ಕೆಳಗಿಳಿಯುತ್ತಿತ್ತು. ಬುತ್ತಿ ನನ್ನ ಕೈಯಿಂದ ಬಿದ್ದ ಸದ್ದು ಈಗಲೂ ಕೇಳಿಸುತ್ತದೆ. ನಾನು ಜಗಲಿ ದಾಟಿದ್ದು ಮಾತ್ರ ನೆನಪಿಲ್ಲ. ಬಾಟಲಿಗೆ ಹೊಡೆದೆ. ಅದು ಅಂಗಳಕ್ಕೆ ಹಾರಿತು. ಅವಳ ತುಟಿ ಮತ್ತು ಗಲ್ಲ ಒದ್ದೆಯಾಗಿದ್ದವು. ಆಮೇಲೆ ಕಿರುಚಿದಳು.

ಕಿರುಚಿದ್ದು ಕೇಳಿ ಬೇಲಿಯಾಚೆಯಿಂದ ಚೇಚಿ ಓಡಿ ಬಂದರು. ಕೇರಳದ ಕಡೆಯಿಂದ ಬಂದು ನಲವತ್ತು ವರ್ಷದಿಂದ ಇಲ್ಲಿ ರಬ್ಬರ್ ಮಾಡಿಕೊಂಡಿರುವ ಹಿರಿಯ ಹೆಂಗಸು. ಚೇಚಿ ಎಂದರೆ ಅವರ ಮಲಯಾಳದಲ್ಲಿ ಅಕ್ಕ, ನನ್ನನ್ನು ಅವರು ಮೋಳೆ, ಅಂದರೆ ಮಗಳೇ ಎನ್ನುತ್ತಾರೆ. ಮಗಳನ್ನು ಬಾವಿಕಟ್ಟೆಗೆ ಎಳೆದುಕೊಂಡು ಹೋಗಿ ಕೊಡಗಟ್ಟಲೆ ನೀರು ಮುಖಕ್ಕೆ ಹೊಯ್ದರು. ಬಾಯಿ ಮುಕ್ಕಳಿಸಿ ಉಗಿಸಿದರು. ಅಂಗಳದಲ್ಲಿ ಬಿದ್ದಿದ್ದ ಬಾಟಲಿಯನ್ನು ಮೂಸಿ ನೋಡಿ, "ದೈವಮೇ, ಇದು ಆಸಿಡ್, ಮೋಳೆ" ಎಂದರು. ಆಮೇಲೆ ತಗ್ಗಿದ ಸ್ವರದಲ್ಲಿ, "ನಿನ್ನ ಬಾವ ಬೆಳಿಗ್ಗೆ ನನ್ನ ಮನೆಯಿಂದ ಕೊಂಡೋದದ್ದು. ಮುಗಿದು ಹೋಯ್ತು, ಇವತ್ತಿನ ಹಾಲಿಗೆ ಸ್ವಲ್ಪ ಕೊಡಿ ಹೇಳಿದ್ರು. ನೀರು ಬೆರೆಸಿದ್ದನ್ನೇ ಕೊಟ್ಟೆ. ಇದೇ ನೀಲಿ ಮುಚ್ಚಳದ ಬಾಟ್ಲಿ ತಂದಿದ್ರು."

ಅಂದರೆ ಬಾವ ನಮ್ಮ ಸಾಲಿನಿಂದ ಒಂದು ಖಾಲಿ ಬಾಟಲಿ ಎತ್ತಿಕೊಂಡು ಹೋಗಿ, ಆಸಿಡ್ ತುಂಬಿಸಿ ತಂದು, ಹಾಲು ಸೋಸಲು ಹೋಗುವ ಮೊದಲು ಅದೇ ಸಾಲಿನ ಕೊನೆಗೆ ಇಟ್ಟಿದ್ದಾರೆ.

ಕಡಬದ ವೈದ್ಯರು ಟಾರ್ಚ್ ಹಿಡಿದು ಮಗಳ ಗಂಟಲು ನೋಡಿ, ಒಳಗೆ ಹೋಗಿಲ್ಲ, ಪುಣ್ಯ ಎಂದರು. ತುಟಿಯ ಮೇಲೆ ಮತ್ತು ಗಲ್ಲದಲ್ಲಿ ಬೊಕ್ಕೆ ಎದ್ದು ವಾರದಲ್ಲಿ ಒಣಗಿತು. ಗಲ್ಲದ ಕಲೆ ಈಗಲೂ ಇದೆ.

ಅವಳು ಮೊದಲು ಮೀನಿಗೆ ಹೊಯ್ಯದೆ ಇದ್ದಿದ್ದರೆ? ನಾನು ಬುತ್ತಿಗೆ ಉಪ್ಪಿನಕಾಯಿ ಹಾಕಲು ಮರೆತು ಒಂದು ಸಲ ಒಳಗೆ ಹೋಗಿ ಬಂದಿದ್ದರೆ? ಲ್ಯಾಬಿನಲ್ಲಿ ಕೊಳವೆ ಅಲ್ಲಾಡಿಸುತ್ತಿರುವಾಗ, ಬಸ್ಸಿನಲ್ಲಿ ಟಿಕೆಟ್ ತೆಗೆಯುವಾಗ, ಮೀನು ಹಾರುತ್ತದೆ, ಬಾಟಲಿ ಮೇಲೇಳುತ್ತದೆ. ಕೆಲವೊಮ್ಮೆ ನಾನು ತಲುಪುವುದಿಲ್ಲ.

ಅಂದು ಮಧ್ಯಾಹ್ನ ಬಾವ ಬಂದು ಮಗಳನ್ನು ನೋಡಿದರು. ಅವರ ಮುಖ ಬಿಳುಚಿತ್ತು, ಅದನ್ನು ನಾನು ಕಂಡಿದ್ದೇನೆ. ಆ ಹೊತ್ತಿಗೆ "ನನ್ನಿಂದ ತಪ್ಪಾಯ್ತು" ಎಂದು ಒಂದು ಮಾತು ಹೇಳಿದ್ದರೆ ಈ ಕತೆ ಅಲ್ಲಿಗೇ ಮುಗಿಯುತ್ತಿತ್ತು. ಅವರು ಹೇಳಿದ್ದು ಬೇರೆ.

"ನನ್ನ ಬಾಟ್ಲಿ ಶೆಡ್ಡಿನಲ್ಲಿ ಉಂಟು. ಇದು ಎಲ್ಲಿಂದ ಬಂತೋ ಎಂತೋ. ಜಗಲಿಯಲ್ಲಿ ಬಾಟ್ಲಿ ಅಂಗಡಿ ಇಟ್ಟದ್ದು ಯಾರು?" ಮತ್ತೆ ಮಗಳ ಕಡೆ ತಿರುಗಿ, ನಗಿಸುವವರ ಹಾಗೆ, "ಪಾಪದ ಮೀನಿಗೆ ಆಸಿಡ್ ಹೊಯ್ದು ಕೊಂದೆಯಲ್ಲ ಕೂಸೇ!"

ಮಗಳು ನಗಲಿಲ್ಲ. ಅದನ್ನು ನಂಬಿದಳು.

ಅದೇ ಮಾತು ಪೇಟೆಯ ಹೋಟೆಲಿನಲ್ಲಿ, ಸುಳ್ಯದ ನೆಂಟರ ಮನೆಯ ಊಟದ ಪಂಕ್ತಿಯಲ್ಲಿ, ಎಲ್ಲ ಕಡೆ ತಮಾಷೆಯಾಗಿ ಓಡಾಡಿತು. "ನಮ್ಮ ಕೂಸು ಮೀನನ್ನು ಉಪ್ಪಿನಕಾಯಿ ಹಾಕ್ಲಿಕ್ಕೆ ಹೊರಟಿತ್ತು!" ಎಂದು ಬಾವ ಹೇಳುವುದು, ಎಲ್ಲರೂ ನಗುವುದು. ಪಕ್ಕದಲ್ಲಿ ಮಗಳು ಎಲೆ ನೋಡುತ್ತ ಕೂತಿರುತ್ತಿದ್ದಳು. ಶಾಲೆಯಿಂದ ಅವಳ ನೀರಿನ ಬಾಟಲಿ ದಿನವೂ ತುಂಬಿದ ಹಾಗೇ ವಾಪಸು ಬರುತ್ತಿತ್ತು. ನಲ್ಲಿಗೆ ಬೊಗಸೆ ಒಡ್ಡಿ ಮಾತ್ರ ಕುಡಿಯುತ್ತಾಳೆ ಎಂದು ಟೀಚರು ಹೇಳಿದರು. ಖಾಲಿ ಭರಣಿಯನ್ನು ಗೋಡೆಯ ಕಡೆಗೆ ತಿರುಗಿಸಿ ಇಟ್ಟಿದ್ದಳು. ಗಾಜಿನ ಭರಣಿಗೆ ಹಿಂದು ಮುಂದು ಇಲ್ಲ. ಆದರೂ ಅದರ ಮೇಲೆ ತಾನು ಅಂಟಿಸಿದ್ದ ಮೀನಿನ ಚಿತ್ರ ಕಾಣಬಾರದು ಎಂದು.

"ಅಣ್ಣ ಬೇಕೂಂತ ಮಾಡಿದ್ದಲ್ಲ, ಬಿಡು" ಎಂದರು ನನ್ನ ಗಂಡ.

"ಇಟ್ಟದ್ದು ಬೇಕೂಂತ ಅಲ್ಲ, ಗೊತ್ತುಂಟು. ಹೇಳ್ತಾ ಇರುದು ಬೇಕೂಂತವೇ."

ಚೇಚಿಯನ್ನು ಕೇಳಿಕೊಂಡೆ, ಒಂದು ಸಲ ಎಲ್ಲರೆದುರು ಹೇಳಿ ಎಂದು. ಅವರು ಆಗದು ಎಂದು ತಲೆಯಾಡಿಸಿದರು. "ನನ್ನನ್ನು ಎಳಿಬೇಡ ಮೋಳೆ. ಬೇಲಿ ಒಂದೇ. ನಾಳೆ ಮರ ಬಿದ್ರೂ ಅವ್ರನ್ನೇ ಕರೀಬೇಕು ನಾನು."

ಪುತ್ತೂರಿನ ಅಂಗಡಿಯವರು ಹೆಣ್ಣು ಬಂದಿದೆ ಎಂದು ಫೋನ್ ಮಾಡಿದರು. ಸ್ವಲ್ಪ ದಿನ ಇಟ್ಟುಕೊಳ್ಳಿ ಎಂದೆ. ಬಾಟಲಿಗಳನ್ನು ಬಿಸಾಡಿ ಎಂದು ಬಾವ ಎರಡು ಸಲ ಹೇಳಿ ಕಳಿಸಿದರು. ಬಿಸಾಡಿದರೆ ತಪ್ಪು ನಮ್ಮದೇ ಎಂದು ಒಪ್ಪಿದ ಹಾಗೆ. ಮಗಳು ಕೊಂದವಳಾಗಿಯೇ ಉಳಿಯುತ್ತಾಳೆ. ಸಾಲು ಹಾಗೇ ಇತ್ತು, ಧೂಳು ಹಿಡಿಯಿತು. ಬಾವ ಪ್ರತಿದಿನ ಅದನ್ನು ದಾಟಿ ಹೋಗುವುದನ್ನು ನಾನು ಕಿಟಕಿಯಿಂದ ನೋಡುತ್ತಿದ್ದೆ. ನನ್ನೊಳಗೆ ಏನೇನು ಹಾದುಹೋಯಿತು ಎಂದು ಪೂರ್ತಿ ಬರೆಯಲು ನಾಚಿಕೆಯಾಗುತ್ತದೆ. ಅವರು ಕುಡಿಯುವ ತಂಬಿಗೆ ಎಲ್ಲಿರುತ್ತದೆ, ಶೆಡ್ಡಿನ ಬೀಗದ ಕೈ ಎಲ್ಲಿ ತೂಗುತ್ತದೆ ಎಂದು ಗಮನಿಸಿಟ್ಟುಕೊಂಡಿದ್ದೆ. ಬರೇ ತುಟಿ ಸುಟ್ಟರೆ, ಅಷ್ಟು ಸಾಕು ಎಂದು ಒಂದು ಮಧ್ಯಾಹ್ನ ಲ್ಯಾಬಿನಲ್ಲಿ ಯೋಚಿಸುತ್ತ ಕೂತಿದ್ದೆ. ಎದುರಿಗೆ ರಕ್ತ ಕೊಡಲು ಬಂದ ಅಜ್ಜಿ, "ಎಂತ ಮಗಾ, ಸೂಜಿ ಹಿಡ್ಕೊಂಡು ಹಾಗೇ ಕೂತದ್ದು?" ಎಂದು ಕೇಳಿದಾಗ ಸೂಜಿಯನ್ನು ತಟ್ಟೆಯಲ್ಲಿ ಇಟ್ಟುಬಿಟ್ಟೆ. ಅಂದು ಮನೆಗೆ ಬರುವಾಗ ನಿರ್ಧರಿಸಿದೆ: ಆಸಿಡ್ ಬೇಡ, ನೀರೇ ಸಾಕು.

ಸುತ್ತಲಿನ ಐದಾರು ಮನೆಯವರು ಸೇರಿ ಆಸಿಡ್ಡಿನ ದೊಡ್ಡ ಕ್ಯಾನು ತರಿಸಿ, ನಮ್ಮ ಜಗಲಿಯಲ್ಲಿ ಪಾಲು ಮಾಡಿಕೊಳ್ಳುವುದು ಹಿಂದಿನಿಂದ ಬಂದ ಕ್ರಮ. ಒಂದು ಭಾನುವಾರ ಕ್ಯಾನು ಬಂತು. ಹತ್ತು ಗಂಟೆಗೆ ಎಲ್ಲರೂ ಬಂದರು, ಕೈಯಲ್ಲಿ ಅವರವರ ಪಾತ್ರೆ. ಹೆಚ್ಚಿನದು ಅದೇ ನೀರಿನ ಬಾಟಲಿಗಳು. ಚೇಚಿಯದು ಮಾತ್ರ ಕಪ್ಪು ಕ್ಯಾನು, ಕುತ್ತಿಗೆಗೆ ಕೆಂಪು ಬಟ್ಟೆ ಕಟ್ಟಿದ್ದು. ಬಾವ ಹೆಗಲ ಮೇಲಿನ ಬೈರಾಸನ್ನು ಮೂಗಿಗೆ ಕಟ್ಟಿ ಲಾಳಿಕೆಯಿಂದ ಎಲ್ಲರಿಗೂ ಹೊಯ್ದು ಕೊಟ್ಟರು. ಜಗಲಿಯೆಲ್ಲ ಘಾಟು. ಕೆಲಸ ಮುಗಿಸಿ, ಕೈ ತೊಳೆದು, ಬೆಂಚಿನಲ್ಲಿ ಕೂತು ಉಪ್ಪಿನಕಾಯಿಯ ಮಾತು ಮತ್ತೆ ತೆಗೆದರು.

ನಾನು ಬೆಲ್ಲ ಮತ್ತು ನೀರು ತಂದೆ. ಬಂದವರಿಗೆಲ್ಲ ಲೋಟದಲ್ಲಿ. ಬಾವನ ಎದುರು ಒಂದು ನೀಲಿ ಮುಚ್ಚಳದ ಬಾಟಲಿ ಇಟ್ಟೆ. ಬೆಳಗ್ಗೆಯೇ ಮಗಳ ಎದುರು ಅದನ್ನು ಬಾವಿಯಿಂದ ತುಂಬಿಸಿ, ನಾನೊಂದು ಗುಟುಕು ಕುಡಿದು ತೋರಿಸಿದ್ದೆ. ಅವಳು ನನ್ನ ಸೆರಗು ಹಿಡಿದು ಪಕ್ಕದಲ್ಲಿ ನಿಂತಿದ್ದಳು.

"ನೀರು, ಬಾವ."

ಅವರು ಬಾಟಲಿ ನೋಡಿದರು. "ಲೋಟ ಇಲ್ವಾ?"

"ಮುಗಿಯಿತು. ಇದು ಆ ಸಾಲಿನ ಕೊನೆಯಲ್ಲಿತ್ತು. ಕುಡಿಯಿರಿ."

ಬಾವ ಮುಚ್ಚಳ ತೆಗೆದು ಮೂಗಿಗೆ ಹಿಡಿದರು. ಇಡೀ ಜಗಲಿಯೇ ನಾರುತ್ತಿತ್ತು. ಅವರ ಮೂಗಿಗೆ ಏನು ತಿಳಿದೀತು? ಮಗಳಿಗೂ ಆ ದಿನ ಏನೂ ತಿಳಿದಿರಲಿಲ್ಲ. ಬಾಟಲಿಯನ್ನು ಬೆಳಕಿಗೆ ಹಿಡಿದು ತಿರುಗಿಸಿದರು. ತುಟಿಯವರೆಗೆ ತಂದು ಇಳಿಸಿದರು.

"ಎಂತ ಮಾರಾಯ್ರೆ, ತಮ್ಮನ ಹೆಂಡತಿ ವಿಷ ಕೊಟ್ರಾ?" ಎಂದು ಒಬ್ಬರು ನಗೆಯಾಡಿದರು. ಇಬ್ಬರು ನಕ್ಕರು. ಬಾವ ನಗಲಿಲ್ಲ.

"ಇದನ್ನು ಯಾರು ತುಂಬಿಸಿದ್ದು?"

"ಯಾರೋ ಎಂತೋ ಬಾವ. ಚೀಟಿ ಇಲ್ಲವಲ್ಲ. ನಿಮ್ಮ ಬಾಟ್ಲಿ ಶೆಡ್ಡಿನಲ್ಲಿ ಉಂಟಲ್ಲ, ಮತ್ತೆಂತ ಹೆದರಿಕೆ?"

ನನ್ನ ಸ್ವರ ಅಷ್ಟು ಸಮಾಧಾನವಾಗಿತ್ತು ಎಂದು ನನಗೇ ಆಶ್ಚರ್ಯ. ಅವರ ಹಣೆಯಲ್ಲಿ ಬೆವರು ಮೂಡುವುದನ್ನು ನೋಡಿದೆ. ಇನ್ನೂ ಸ್ವಲ್ಪ ಹೊತ್ತು ಹೀಗೇ ಇರಲಿ, ಇನ್ನೂ ಸ್ವಲ್ಪ ಹೊತ್ತು ಎಂದು ಆಸೆಪಟ್ಟೆ.

ಅವರು ಎದ್ದರು. ಬಾಟಲಿ ಹಿಡಿದುಕೊಂಡೇ ಅಂಗಳ ದಾಟಿ ಮೊದಲ ರಬ್ಬರ್ ಮರದ ಹತ್ತಿರ ಹೋಗಿ, ಅಂದಿನ ಹಾಲು ತುಂಬಿದ್ದ ಚಿಪ್ಪನ್ನು ಬಿಡಿಸಿಕೊಂಡು ಬಂದರು. ಬೆಂಚಿನ ಮೇಲಿಟ್ಟು ಬಾಟಲಿಯಿಂದ ಅದಕ್ಕೆ ಸ್ವಲ್ಪ ಹೊಯ್ದರು. ಆಸಿಡ್ ಆಗಿದ್ದರೆ ಹಾಲು ಗಟ್ಟಿಯಾಗಬೇಕು. ಎಲ್ಲರೂ ಬಾಗಿ ನೋಡಿದರು. ಬಾವ ಬೆರಳಿನಿಂದ ಕಲಕಿದರು. ಕಾದರು. ಮತ್ತೂ ಕಲಕಿದರು. ಹಾಲು ನೀರಾದದ್ದಲ್ಲದೆ ಬೇರೇನೂ ಆಗಲಿಲ್ಲ.

"ನೀರೇ ಇದು" ಎಂದರು ಯಾರೋ, ಸಣ್ಣ ಸ್ವರದಲ್ಲಿ.

ಆಗ ಚೇಚಿ ಬಾಯಿ ತೆರೆದರು. "ಆ ಕೂಸು ಕುಡಿಯುವ ಮೊದಲು ಚಿಪ್ಪಿಗೆ ಹೊಯ್ದು ನೋಡ್ಲಿಕ್ಕೆ ಅವತ್ತು ಯಾರೂ ಇರ್ಲಿಲ್ಲ ಅಲ್ವಾ?" ಆಮೇಲೆ ತಮ್ಮ ಕ್ಯಾನಿನ ಕೆಂಪು ಬಟ್ಟೆ ಸರಿ ಮಾಡುತ್ತ, ಯಾರ ಮುಖವನ್ನೂ ನೋಡದೆ, "ನನ್ನ ಮನೆಯಿಂದ ಕೊಂಡೋದದ್ದೂ ನೀಲಿ ಮುಚ್ಚಳದ್ದೇ. ಹೇಳ್ಬಾರ್ದು ಅಂತ ಇದ್ದೆ. ಹೇಳಿ ಹೋಯ್ತು."

ಬಾವ ಚಿಪ್ಪು ಬಿಟ್ಟು ನನ್ನ ಕಡೆ ತಿರುಗಿದರು.

"ನನಗೆ ಎಂತದೂ ಹೇಳುದು ಬೇಡ ಬಾವ," ಎಂದೆ. "ಇವಳಿಗೆ ಹೇಳಿ."

ಅವರು ಬೆಂಚಿನ ತುದಿಯಲ್ಲಿ ಕೂತರು. "ಮೀನನ್ನು ಕೊಂದದ್ದು ನೀನಲ್ಲ ಮಗಾ. ಆ ಬಾಟ್ಲಿ ಅಲ್ಲಿ ಇಟ್ಟದ್ದು ನಾನು. ಒಂದು ನಿಮಿಷಕ್ಕೆ ಅಂತ ಇಟ್ಟದ್ದು, ಮರ್ತೇಹೋಯ್ತು."

ಮಗಳು ಅವರನ್ನು ನೋಡಿದಳು. "ಮತ್ತೆ ಎಂತಕ್ಕೆ ದೊಡ್ಡಪ್ಪ ನಾನು ಕೊಂದದ್ದು ಅಂತ ಎಲ್ಲರಿಗೂ ಹೇಳಿದ್ದು?"

ಬಾವ ಬಾಟಲಿಯ ಮುಚ್ಚಳ ಹುಡುಕಿದರು. ಮಗಳು ನನ್ನ ಸೆರಗು ಬಿಟ್ಟು, ಅವರ ಕೈಯಿಂದ ಬಾಟಲಿ ತೆಗೆದುಕೊಂಡಳು. ನೀರು ಎಂದು ಗೊತ್ತಿದ್ದೂ ನನ್ನ ಕೈ ಹೊಡೆಯಲು ಎದ್ದಿತ್ತು. ಅವಳು ಎರಡು ಗುಟುಕು ಕುಡಿದಳು, ವಾರಗಳ ನಂತರ ಬಾಟಲಿಯಿಂದ ಮೊದಲ ಸಲ. ಉಳಿದದ್ದನ್ನು ಖಾಲಿ ಭರಣಿಗೆ ಹೊಯ್ದು, ಅದನ್ನು ಗೋಡೆಯಿಂದ ಇತ್ತ ತಿರುಗಿಸಿದಳು.

"ಅಮ್ಮ, ಅಂಗಡಿಯವ್ರು ಹೆಣ್ಣು ಬಂದುಂಟು ಹೇಳಿದ್ರಲ್ಲ. ಇನ್ನೂ ಉಂಟಾ?"

ಮೀನು ಸಾಕುವುದು ಅಲ್ಲಿಗೆ ತೀರ್ಮಾನವಾಯಿತು. ಮುಂದಿನ ಶನಿವಾರ ಪುತ್ತೂರಿನಿಂದ ಒಂದು ಗಂಡು, ಒಂದು ಹೆಣ್ಣು ತಂದೆವು. ಅದರ ಹಿಂದಿನ ಸಂಜೆ ಇಬ್ಬರೂ ಕೂತು ಬಾಟಲಿಗಳಿಗೆಲ್ಲ ಚೀಟಿ ಅಂಟಿಸಿದೆವು. ಸಂಖ್ಯೆ ಬರೆದದ್ದು ಅವಳು. ಆಸಿಡ್ಡಿನ ಪಾಲು ತೆಗೆದುಕೊಳ್ಳಲು ಬರುವವರು ಈಗ ಕೆಂಪು ಬಟ್ಟೆ ಕಟ್ಟಿದ ಕ್ಯಾನು ತರುತ್ತಾರಂತೆ, ಚೇಚಿ ಹೇಳಿದ್ದು. ಬಾವ ಆಸಿಡ್ಡನ್ನು ಶೆಡ್ಡಿನೊಳಗೆ ಬೀಗ ಹಾಕಿ ಇಡುತ್ತಾರೆ. ಉಪ್ಪಿನಕಾಯಿಯ ಮಾತು ಮತ್ತೆ ಕೇಳಿಬಂದಿಲ್ಲ.

"ಇನ್ನಾದರೂ ಅಣ್ಣನ ಹತ್ರ ಮಾತಾಡುದಾ?" ಎಂದು ಗಂಡ ಕೇಳಿದರು. ಮರಿಗಳು ದೊಡ್ಡದಾಗಲಿ ಎಂದೆ.

ದೊಡ್ಡದಾಗಿವೆ. ಉಳಿದ ಗಂಡುಗಳು ಇಪ್ಪತ್ತಮೂರು, ಎಲ್ಲ ಬೇರೆ ಬೇರೆ ಬಾಟಲಿಯಲ್ಲಿ, ನಡುನಡುವೆ ರಟ್ಟು. ರಟ್ಟು ತೆಗೆದರೆ ಸಾಲಿಡೀ ಕಿವಿರು ಅಗಲಿಸಿ ನಿಲ್ಲುತ್ತದೆ. ಅವುಗಳಲ್ಲಿ ಎಲ್ಲಕ್ಕಿಂತ ಸಿಟ್ಟಿನದನ್ನು ಸಾಲಿನ ಕೊನೆಗೆ, ಆ ಬಾಟಲಿ ಇದ್ದ ಜಾಗದಲ್ಲೇ ಇಟ್ಟಿದ್ದೇನೆ. ಬಾವ ಹಾಲಿನ ಬಕೆಟ್ ಹಿಡಿದು ದಾಟುವಾಗ ಪ್ರತಿದಿನವೂ ಅದು ಅವರ ಮೇಲೆ ಏರಿ ಬರುತ್ತದೆ. ಅವರು ಮುಖ ಆಚೆ ತಿರುಗಿಸಿ ಹೋಗುತ್ತಾರೆ. ನಾನು ಕಿಟಕಿಯಲ್ಲಿ ನಿಂತು ನೋಡುತ್ತೇನೆ, ಒಂದು ದಿನವೂ ತಪ್ಪಿಸುವುದಿಲ್ಲ.

ಇಂದು ಬೆಳಗ್ಗೆ ಮಗಳು ಶಾಲೆಗೆ ಹೊರಡುವಾಗ ತನ್ನ ನೀರು ತುಂಬಿಸಿಕೊಂಡಳು. ಮುಚ್ಚುವ ಮೊದಲು ಬಾಟಲಿಯನ್ನು ನನ್ನ ಮೂಗಿನ ಹತ್ತಿರ ಹಿಡಿದಳು, ಕೇಳದೆಯೇ.

"ಮೂಸು ಬೇಗ," ಎಂದಳು. "ಬಸ್ ಬರ್ತದೆ."